ನರಗುಂದದವರು ಆ ಜಮಖಾನದ ಮೇಲೆ ಕೂತಿರಲಿಲ್ಲ

ರಷ್ಯಾ–ಉಕ್ರೇನ್ ಯುದ್ಧ ನಿಲ್ಲಿಸುವ ಮಾತುಕತೆ ಅಂತ ಸುದ್ದಿ ಬಂದಾಗೆಲ್ಲ ನಮ್ಮ ಅತ್ತಿ ಟಿವಿ ಕಡೆ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ. “ಹೊಲ ಯಾರದು ಅಂದಿ? ಹೊಲದಾಂವ ಎಲ್ಲಿ ಕುಂತಾನ?”

ಅತ್ತಿಗೆ ಅಕ್ಷರ ಬರುವುದಿಲ್ಲ. ಆದರೆ ಕಟ್ಟಿಯ ಮೇಲೆ ಹಿರಿಯರು ಕೂತು ಬಗೆಹರಿಸುವ ಪಂಚಾಯ್ತಿಗಳನ್ನು ಎಪ್ಪತ್ತು ವರ್ಷದಿಂದ ನೋಡುತ್ತ ಬಂದವರು. 2025ರ ಫೆಬ್ರುವರಿ 18ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಅಮೆರಿಕದ ವಿದೇಶಾಂಗ ಸಚಿವರೂ ರಷ್ಯಾದ ವಿದೇಶಾಂಗ ಸಚಿವರೂ ಉದ್ದನೆಯ ಮೇಜಿನ ಎರಡು ಬದಿಗೆ ಕೂತರು. ಉಕ್ರೇನ್‌ದವರು ಅಲ್ಲಿರಲಿಲ್ಲ. ಅದೇ ವರ್ಷ ಆಗಸ್ಟ್ 15ರಂದು ಅಲಾಸ್ಕಾದಲ್ಲಿ ಟ್ರಂಪ್ ಮತ್ತು ಪುಟಿನ್ ಭೇಟಿಯಾದರು. ಅಲ್ಲಿಯೂ ಝೆಲೆನ್‌ಸ್ಕಿ ಇರಲಿಲ್ಲ. ಮೂರು ದಿನದ ಮೇಲೆ ಅವರು ವಾಷಿಂಗ್ಟನ್‌ಗೆ ಹೋದರು. ಅಂದರೆ ಬೀಗರೆಲ್ಲ ಊಟ ಮಾಡಿ ಎದ್ದ ಮೇಲೆ ಮನೆ ಯಜಮಾನನನ್ನು ಕರೆದಂತೆ.

ಎಲ್ಲಿಯದೋ ಯುದ್ಧ, ನಮಗ್ಯಾಕ ಅಂತ ಮುಂದಕ್ಕೆ ಸರಿಸಬೇಡಿ. ಆ ಯುದ್ಧದ ಮೊದಲ ವಾರದಲ್ಲೇ, 2022ರ ಮಾರ್ಚ್ 1ರಂದು, ಖಾರ್ಕಿವ್ ಊರಿನಲ್ಲಿ ಸತ್ತವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೂ ಇದ್ದ. ಆ ವರ್ಷ ಅಡುಗಿ ಎಣ್ಣೆಯ ಪಾಕೀಟು ಹಿಡಿದು ಅಂಗಡಿಯವನ ಜೊತೆ ವಾದ ಮಾಡದ ಹೆಣ್ಣುಮಗಳು ನಮ್ಮ ಊರಲ್ಲಿ ಇರಲಿಕ್ಕಿಲ್ಲ. ನಮ್ಮ ಗದಗ ಜಿಲ್ಲೆ ಸೂರ್ಯಕಾಂತಿ ಬೆಳೆಯುವ ಸೀಮೆ. ಆದರೂ ದೇಶಕ್ಕೆ ಬೇಕಾದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರಗಿನಿಂದ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಉಕ್ರೇನ್ ಮತ್ತು ರಷ್ಯಾದಿಂದಲೇ ಬರುತ್ತಿತ್ತು. ಅಲ್ಲಿಯ ಹಡಗು ನಿಂತರೆ ಮುಶಿಗೇರಿಯ ಒಗ್ಗರಣೆಗೆ ಎಣ್ಣೆ ಕಡಿಮೆ ಬೀಳುತ್ತದೆ.

ಆದರೆ ನಾನು ಬರೆಯಹೊರಟಿದ್ದು ಎಣ್ಣೆಯ ವಿಷಯವಲ್ಲ. ಮುಶಿಗೇರಿಯವರು ಸಂತಿಗೆ, ಬ್ಯಾಂಕಿಗೆ, ದವಾಖಾನಿಗೆ ಅಂತ ಹೋಗುವ ಗಜೇಂದ್ರಗಡದ ಹೆಸರಿನಲ್ಲಿಯೇ ಇಂಥದೊಂದು ಒಪ್ಪಂದ ಇದೆ. 1787ರದು. ಶಾಲೆಯ ಇತಿಹಾಸದಲ್ಲಿ ‘ಗಜೇಂದ್ರಗಡ ಒಪ್ಪಂದ’ ಅಂತ ಒಂದು ಸಾಲು ಓದಿರುತ್ತೀರಿ. ಮರಾಠರು ಮತ್ತು ನಿಜಾಮ ಒಂದು ಕಡೆ, ಟಿಪ್ಪು ಸುಲ್ತಾನ ಇನ್ನೊಂದು ಕಡೆ. ಆ ಸಾಲಿನಲ್ಲಿ ಒಂದು ಹೆಸರು ಬಿಟ್ಟುಹೋಗಿರುತ್ತದೆ. ಯಾವ ಊರಿನ ದೆಸೆಯಿಂದ ಆ ಜಗಳ ಸಿಡಿಯಿತೋ ಆ ನರಗುಂದದ ಹೆಸರು. ನನ್ನ ತವರು ನರಗುಂದ ಕಡೆ, ಕೊಟ್ಟ ಮನೆ ಮುಶಿಗೇರಿ. ಹೀಗಾಗಿ ಈ ಎರಡೂ ಊರುಗಳ ನಡುವಿನ ಈ ಹಳೆಯ ಲೆಕ್ಕ ನನಗೆ ಸ್ವಲ್ಪ ಹತ್ತಿರದ್ದು.

ಮೊದಲು ನರಗುಂದ ಯಾರ ಕೈಯಲ್ಲಿತ್ತು ಅಂತ ನೋಡೋಣ. ಭಾವೆ ಮನೆತನದವರು ಅಲ್ಲಿಯ ಒಡೆಯರು, ಪುಣೆಯ ಪೇಶ್ವೆಗೆ ನಡೆದುಕೊಂಡು ಬಂದವರು. 1773ರಲ್ಲಿ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು, ಪುಣೆಯಲ್ಲಿ ಗದ್ದುಗೆಯ ಜಗಳ ಶುರುವಾಯಿತು. ಆ ಸಂದಿಯಲ್ಲಿ ಹೈದರ್ ಅಲಿ ತುಂಗಭದ್ರೆ ದಾಟಿ ಕೃಷ್ಣೆಯ ದಂಡೆವರೆಗೂ ಬಂದ. ಗದ್ದುಗೆ ಬಯಸಿದ್ದ ರಾಘೋಬನಿಗೆ ಹೈದರನ ಬೆಂಬಲ ಬೇಕಾಗಿತ್ತು. ಕೃಷ್ಣೆಯ ಈಚೆಗಿನ ಸೀಮೆ ನಿನಗಿರಲಿ ಅಂದ. ಮುಂದೆ 1780ರಲ್ಲಿ ಅದೇ ರಾಘೋಬನ ವೈರಿ ನಾನಾ ಫಡ್ನವೀಸನಿಗೂ ಇಂಗ್ಲಿಷರ ವಿರುದ್ಧ ಹೈದರನ ಜೊತೆ ಬೇಕಾಯಿತು. ಅವನೂ ಅಷ್ಟೇ ಅಂದ, ಸೀಮೆ ನಿನ್ನ ಕೈಯಲ್ಲಿರಲಿ, ವರ್ಷಾ ವರ್ಷ ಕಪ್ಪ ಕಳಿಸು. ನೋಡ್ರಿ, ಪುಣೆಯೊಳಗೆ ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷಗಳು. ನಮ್ಮ ಸೀಮೆಯನ್ನು ಎತ್ತಿಕೊಡುವ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನರಗುಂದ, ಬಾದಾಮಿ, ರೋಣ, ನಮ್ಮಂಥ ನೂರಾರು ಹಳ್ಳಿ, ಎಲ್ಲವೂ ಆ ‘ಈಚೆಗಿನ ಸೀಮೆ’ ಅನ್ನುವ ಎರಡು ಶಬ್ದದೊಳಗೆ ಮುಗಿದುಹೋದವು.

ಆ ಕಾಲದಲ್ಲಿ ಹೀಗೆ ಇಲ್ಲದವರ ಹೆಸರಿನಲ್ಲಿ ಬರೆಯುವುದು ಎಲ್ಲರಿಗೂ ರೂಢಿಯಾಗಿತ್ತು ಅನಿಸುತ್ತದೆ. 1782ರ ಮೇ ತಿಂಗಳಲ್ಲಿ ಮರಾಠರೂ ಇಂಗ್ಲಿಷರೂ ಸಾಲ್ಬಾಯಿ ಎಂಬಲ್ಲಿ ಒಪ್ಪಂದ ಮಾಡಿಕೊಂಡರು. ಹೈದರ್ ತಾನು ಗೆದ್ದ ಆರ್ಕಾಟಿನ ಸೀಮೆಯನ್ನು ಆರು ತಿಂಗಳಲ್ಲಿ ಬಿಟ್ಟುಕೊಡತಕ್ಕದ್ದು ಅಂತ ಅದರಲ್ಲಿ ಬರೆದರು. ಹೈದರ್ ಆ ಒಪ್ಪಂದದಲ್ಲಿ ಇರಲೇ ಇಲ್ಲ! ಅವನು ಕೇಳಲೂ ಇಲ್ಲ, ಬಿಡಲೂ ಇಲ್ಲ. ಡಿಸೆಂಬರಿನಲ್ಲಿ ತೀರಿಕೊಂಡ. ಎರಡು ವರ್ಷದ ಮೇಲೆ, 1784ರ ಮಾರ್ಚಿನಲ್ಲಿ, ಟಿಪ್ಪುವೂ ಇಂಗ್ಲಿಷರೂ ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡಾಗ ಮರಾಠರನ್ನು ಕೂಡಿಸಿಕೊಳ್ಳಲಿಲ್ಲ. ಈಗ ನಾನಾ ಫಡ್ನವೀಸನಿಗೆ ಸಿಟ್ಟು ಬಂತು. ನಮ್ಮನ್ನು ಬಿಟ್ಟು ಹೇಗೆ ಮಾತಾಡಿದಿರಿ ಅಂತ. ತನ್ನನ್ನು ಬಿಟ್ಟಾಗ ಮನುಷ್ಯನಿಗೆ ಎಷ್ಟು ಬೇಗ ತಿಳಿಯುತ್ತದೆ!

ಅದೇ ಹೊತ್ತಿಗೆ ಟಿಪ್ಪು ನರಗುಂದದ ಕಪ್ಪ ಏರಿಸಿದ. ಆಗಿನ ಒಡೆಯ ವೆಂಕಟರಾವ್ ಭಾವೆ, ಅವನ ದಿವಾನ ಕಾಳೋಪಂತ. ಇಷ್ಟು ಕೊಡಲಾಗುವುದಿಲ್ಲ ಅಂತ ಅವರು ಪುಣೆಯ ಕಡೆ ನೋಡಿದರು. ಇವರು ಹಳೆಯ ಸಂಸ್ಥಾನದವರು, ನಡೆದುಬಂದ ಕಪ್ಪಕ್ಕಿಂತ ಹೆಚ್ಚು ಕೇಳುವಂತಿಲ್ಲ ಅಂತ ನಾನಾ ಹೇಳಿಕಳಿಸಿದ. ನನ್ನ ಕೈಕೆಳಗಿನವರ ಮೇಲೆ ಎಷ್ಟು ಕಂದಾಯ ಹಾಕಬೇಕು ಅನ್ನುವುದು ನನ್ನ ಹಕ್ಕು ಅಂತ ಟಿಪ್ಪುವಿನ ಉತ್ತರ. ಇಬ್ಬರ ಮಾತೂ ಕಾಯಿದೆಯ ಮಾತೇ. ಕೊಡಬೇಕಾದ ಜೋಳ ಮಾತ್ರ ನರಗುಂದದ್ದು.

1785ರ ಮೊದಲ ತಿಂಗಳುಗಳಲ್ಲಿ ಟಿಪ್ಪುವಿನ ಸೇನಾಧಿಪತಿ ಬುರ್ಹಾನುದ್ದೀನ ನರಗುಂದದ ಗುಡ್ಡಕ್ಕೆ ಮುತ್ತಿಗೆ ಹಾಕಿದ. ನರಗುಂದ ನೋಡಿದವರಿಗೆ ಗೊತ್ತು, ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡ, ಸುತ್ತ ಎರಿ ಹೊಲ. ಯುಗಾದಿ ಸುಮಾರಿಗೆ ಅಲ್ಲಿಯ ನೆಲ ಬಾಯಿ ಬಿಟ್ಟಿರುತ್ತದೆ. ನೀರಿನ ತ್ರಾಸು ಮುತ್ತಿಗೆ ಹಾಕಿದವರನ್ನೂ ಬಿಡಲಿಲ್ಲ. ಪರಶುರಾಮ ಭಾವು ಪಟವರ್ಧನ ಮತ್ತು ಗಣೇಶಪಂತ ಬೆಹೆರೆ ಮರಾಠ ದಂಡು ತಂದರು, ಆದರೆ ಗುಡ್ಡವನ್ನು ಬಿಡಿಸುವುದು ಅವರಿಂದ ಆಗಲಿಲ್ಲ. ಜುಲೈ ಹೊತ್ತಿಗೆ ಕೋಟೆ ಶರಣಾಯಿತು. ಜೀವಕ್ಕೆ ಅಪಾಯ ಇಲ್ಲ, ಹೋಗಬಹುದು ಅಂತ ಕೊಟ್ಟ ಮಾತು ಉಳಿಯಲಿಲ್ಲ. ದೇಸಾಯರ ಕುಟುಂಬವನ್ನೂ ಕಾಳೋಪಂತನನ್ನೂ ಹಿಡಿದು ಮೈಸೂರು ಸೀಮೆಗೆ ಒಯ್ದರು. ದೇಸಾಯಿ ಮತ್ತು ದಿವಾನರಿಗೆ ಕಬ್ಬಾಳದುರ್ಗದ ಸೆರೆ.

ಟಿಪ್ಪುವನ್ನು ಹೊಗಳುವವರು, ಬೈಯುವವರು ಈಗ ಓಣಿಗೊಬ್ಬರು ಇದ್ದಾರೆ. ನನಗೆ ಇಲ್ಲಿ ಆ ತಕರಾರು ಬೇಡ. ಬಿಡಿಸಲು ಬಂದವರೂ ಸಂತರೇನಲ್ಲ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ಕುದುರೆ ದಂಡು, ಮಠಕ್ಕೆ ನೆರವು ಕಳಿಸಿದ್ದು ಟಿಪ್ಪು. ದಂಡಿಗೆ ಜಾತಿ-ಧರ್ಮ ಆಮೇಲೆ, ಹೊಟ್ಟೆ ಮೊದಲು.

ನರಗುಂದ ಬಿದ್ದ ಮೇಲೆ ಪುಣೆ ಮತ್ತು ಹೈದರಾಬಾದು ಕೈಜೋಡಿಸಿದವು. 1786ರ ಮೇ ತಿಂಗಳಲ್ಲಿ ಬಾದಾಮಿ ಮರಾಠರ ಕೈಗೆ ಬಂತು. ನಂತರ ಹರಿಪಂತ ಫಡಕೆಯ ದಂಡು ಗಜೇಂದ್ರಗಡದ ಕಡೆ ಸರಿದು ಅದನ್ನೂ ಹಿಡಿಯಿತು. ಅತ್ತ ಟಿಪ್ಪು ನಿಜಾಮನ ಕಡೆಯವರ ಆದೋನಿಯನ್ನು ಹಿಡಿದು ಕೋಟೆ ಕೆಡವಿದ, ತುಂಬಿದ ತುಂಗಭದ್ರೆಯನ್ನು ಮಳೆಗಾಲದಲ್ಲೇ ದಾಟಿ ಈಚೆಗೆ ಬಂದ. ಅಕ್ಟೋಬರಿನಲ್ಲಿ ಸವಣೂರಿನ ಹತ್ತಿರ ಕಾಳಗ. ಸವಣೂರಿನ ನವಾಬ ಹೈದರನ ಮನೆಗೆ ಬೀಗ, ಆದರೂ ಆ ಬೀಗತನದಿಂದ ಊರು ಉಳಿಯಲಿಲ್ಲ, ಅವನು ಮರಾಠರ ಬೀಡಿಗೆ ಓಡಬೇಕಾಯಿತು. 1787ರ ಹೊಸ ವರ್ಷದಲ್ಲಿ ಕೊಪ್ಪಳದ ಹತ್ತಿರದ ಬಹದ್ದೂರಬಂಡಿ ಕೋಟೆ ಟಿಪ್ಪುವಿನ ಕೈಗೆ ಹೋಯಿತು.

ಈ ಊರುಗಳನ್ನು ಒಂದು ಸಾರಿ ಮನಸ್ಸಿನಲ್ಲೇ ಜೋಡಿಸಿಕೊಳ್ಳಿ. ನರಗುಂದ, ಬಾದಾಮಿ, ಗಜೇಂದ್ರಗಡ, ಕೊಪ್ಪಳ, ಸವಣೂರ. ಪೇಶ್ವೆಯ ಪುಣೆ ಇದರಲ್ಲಿಲ್ಲ. ನಿಜಾಮನ ಹೈದರಾಬಾದು ಇಲ್ಲ. ಶ್ರೀರಂಗಪಟ್ಟಣವೂ ಇಲ್ಲ. ಮೂವರು ದೊಡ್ಡವರು ಬಡಿದಾಡಿದ್ದು ನಮ್ಮ ಹಿತ್ತಲಿನಲ್ಲಿ. ಗಂಡ ಹೆಂಡಿರ ಜಗಳದಾಗ ಕೂಸು ಬಡವಾಯ್ತು ಅಂತೀವಲ್ಲ, ಇಲ್ಲಿ ಕೂಸು ಆ ಮನೆಯದೂ ಅಲ್ಲ.

ಇತಿಹಾಸದ ಪುಸ್ತಕಗಳಲ್ಲಿ ಮುಶಿಗೇರಿ ಎಲ್ಲಿಯೂ ಬರುವುದಿಲ್ಲ. ಆದರೆ ಸಾವಿರಾರು ಕುದುರೆ, ಎತ್ತು, ಆನೆ ಇದ್ದ ದಂಡು ಬಾದಾಮಿಯಿಂದ ಗಜೇಂದ್ರಗಡಕ್ಕೆ ಬಂತು ಅಂದರೆ ಅದು ಹಾರಿ ಬರಲಿಲ್ಲ. ಸುತ್ತಿನ ಹಳ್ಳಿಗಳ ಕಣಿಕಿ ತಿಂದು, ಕೆರೆಯ ನೀರು ಕುಡಿದು ಬಂತು. ನಮ್ಮ ಕಡೆ ಮೊದಲು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣು ಹಾಕಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲಕ್ಕೆ ಅಂತ ಮಾಡಿದ ಉಪಾಯ, ದಂಡಿನ ಕಾಲಕ್ಕೂ ಬಂತು. ಮ್ಯಾಲ ನಿಂತವನಿಗೆ ಕಾಲ ಕೆಳಗ ಜೋಳ ಐತಿ ಅನ್ನೂದು ಗೊತ್ತಾಗಬಾರದು. ದಂಡಿನ ಜೊತೆಗೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಲಂಬಾಣಿಗರು ಬರುತ್ತಿದ್ದರು. ಮರಾಠ, ನಿಜಾಮ, ಮೈಸೂರು, ಇಂಗ್ಲಿಷ್ ಅನ್ನದೆ ಎಲ್ಲರ ದಂಡಿಗೂ ಕಾಳು ಮುಟ್ಟಿಸಿದವರು ಅವರು. ಅವರ ತಾಂಡೆಗಳು ಇಂದಿಗೂ ಗಜೇಂದ್ರಗಡದ ಗುಡ್ಡದ ಸುತ್ತ ಇವೆ. ದೇವರುಗಳಲ್ಲಿಯೂ ದಂಡಿನ ದುರಗವ್ವ ಅಂತ ಒಬ್ಬಾಕಿ ಇದ್ದಾಳೆ ನಮ್ಮಲ್ಲಿ. ಹೆಸರು ಸುಮ್ಮನೆ ಬಂದಿರಲಿಕ್ಕಿಲ್ಲ.

ಇನ್ನು ಒಪ್ಪಂದಕ್ಕೆ ಬರೋಣ. ಮಾತು ಬೇಕು ಅಂತ ಮೊದಲು ಅನಿಸಿದ್ದು ಟಿಪ್ಪುವಿಗೆ. ಕಾಳಗದಲ್ಲಿ ಅವನು ಸೋತಿರಲಿಲ್ಲ, ಹಾಗೆ ನೋಡಿದರೆ ಮೇಲುಗೈ ಅವನದೇ ಇತ್ತು. ಆದರೆ 1786ರಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಬಂದಿದ್ದ, ಪುಣೆಯಲ್ಲಿ ಚಾರ್ಲ್ಸ್ ಮ್ಯಾಲೆಟ್ ಎಂಬ ಇಂಗ್ಲಿಷರ ವಕೀಲ ಕೂತಿದ್ದ. ಇಂಗ್ಲಿಷರು ಎಲ್ಲಿ ಮರಾಠರ ಜೊತೆ ಸೇರುತ್ತಾರೋ ಅನ್ನುವ ಭಯ. ಕಾರ್ನ್‌ವಾಲಿಸ್ ಆ ಯುದ್ಧಕ್ಕೆ ಕೈ ಹಾಕಲು ಒಪ್ಪಿರಲಿಲ್ಲ, ಆದರೆ ಟಿಪ್ಪುವಿನ ಅನುಮಾನ ಹೋಗಲಿಲ್ಲ. ಮರಾಠರಿಗೂ ಖರ್ಚು ಏರಿತ್ತು. ತುಕೋಜಿ ಹೋಳ್ಕರ್ ಮತ್ತು ರಾಸ್ತೆಯ ಮೂಲಕ ಮಾತು ನಡೆಯಿತು.

ಆಗಿದ್ದು ಇಷ್ಟು. ಟಿಪ್ಪು ಬಾದಾಮಿ, ನರಗುಂದ, ಕಿತ್ತೂರನ್ನು ಮರಾಠರಿಗೆ ಬಿಟ್ಟ. ಆದೋನಿಯನ್ನು ನಿಜಾಮನ ಕಡೆಯವರಿಗೆ ತಿರುಗಿ ಕೊಟ್ಟ. ಬಾಕಿ ಉಳಿದ ಕಪ್ಪದ ಲೆಕ್ಕಕ್ಕೆ ದೊಡ್ಡ ಮೊತ್ತ ಒಪ್ಪಿಕೊಂಡ. 45 ಲಕ್ಷ ಅಂತ ಬರೆದವರಿದ್ದಾರೆ, 48 ಲಕ್ಷ ಅಂತ ಬರೆದವರೂ ಇದ್ದಾರೆ. ಕಾಳೋಪಂತನ ಬಿಡುಗಡೆಗೆ ಒಪ್ಪಿದ. ಪ್ರತಿಯಾಗಿ ಮರಾಠರು ಅವನನ್ನು ‘ನವಾಬ ಟಿಪ್ಪು ಸುಲ್ತಾನ’ ಅಂತ ಕರೆಯಲು ಒಪ್ಪಿದರು. ಅಲ್ಲಿಯವರೆಗೆ ಅವನ ಹೆಸರಿಗೆ ಆ ಮರ್ಯಾದೆ ಕೊಡಲು ಪುಣೆ ತಯಾರಿರಲಿಲ್ಲ. ಇವತ್ತಿನ ಮಾತುಕತೆಗಳಲ್ಲಿಯೂ ನೋಡಿ, ಕೆಂಪು ಜಮಖಾನ ಹಾಸಿದರೋ ಇಲ್ಲವೋ, ಕೈ ಯಾರು ಮೊದಲು ಚಾಚಿದರು, ಅರ್ಧ ಸುದ್ದಿ ಅದೇ.

ನರಗುಂದದ ಒಡೆಯ ಆಗ ಸೆರೆಯಲ್ಲಿದ್ದ. ದಿವಾನನೂ ಸೆರೆಯಲ್ಲಿದ್ದ. ಯಾರಿಂದ ಜಗಳ ಸಿಡಿಯಿತೋ ಅವರನ್ನು ಕರೆಯಲು ಅವರು ಊರಲ್ಲೇ ಇರಲಿಲ್ಲ. ನರಗುಂದದ ಕಪ್ಪ ಇನ್ನು ಎಷ್ಟು? ಮುತ್ತಿಗೆಯಲ್ಲಿ ಹಾಳಾದ ಹೊಲಗಳಿಗೆ ಸೂಟಿ ಕೊಡುವವರು ಯಾರು? ಲೂಟಿಯಾದ ಎತ್ತು ಯಾರನ್ನು ಕೇಳಬೇಕು? ಮೂವರು ದೊಡ್ಡವರಿಗೆ ಇವು ಪ್ರಶ್ನೆಗಳೇ ಅಲ್ಲ. ಲಕ್ಷಗಟ್ಟಲೆ ರೂಪಾಯಿ ಶ್ರೀರಂಗಪಟ್ಟಣದಿಂದ ಪುಣೆಗೆ ಹೋಯಿತು. ಆ ರೂಪಾಯಿ ಹುಟ್ಟಿದ್ದು ಹಳ್ಳಿಗಳ ಕಂದಾಯದಲ್ಲಿ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ನಮ್ಮ ಮನೆಯವರ ವಾದ ಬೇರೆ. “ಎಲ್ಲಾರನೂ ಕೂಡಿಸಿದ್ರ ಮಾತು ಎಂದೂ ಮುಗಿಯೂದಿಲ್ಲ. ನಾಕು ಮಂದಿ ದೊಡ್ಡವರು ಕುಂತು ಒಂದ ಸಲ ಹರೀಬೇಕು. ಬಡಿದಾಡೂದು ನಿಂತೈತಿಲ್ಲೋ?” ಅಂತಾರೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. 1787ರ ಆ ಬ್ಯಾಸಗಿಯಲ್ಲಿ ದಂಡು ಹಿಂದೆ ಸರಿದಾಗ ನಮ್ಮ ಸೀಮೆಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿರಲೇಬೇಕು. ಯಾರು ಸಹಿ ಹಾಕಿದರು, ಯಾಕೆ ಹಾಕಿದರು ಅಂತ ಅವರು ಕೇಳಿರಲಿಕ್ಕಿಲ್ಲ. ಬಾಂಬು ಬೀಳುವ ಊರಲ್ಲಿ ಕೂಸನ್ನು ಕಟ್ಟಿಕೊಂಡು ನೆಲಮಾಳಿಗೆಯಲ್ಲಿ ಕೂತವಳಿಗೆ ನಾಳೆ ಬೆಳಿಗ್ಗೆ ಸದ್ದು ನಿಂತರೆ ಸಾಕು. ಅದನ್ನು ಮುಶಿಗೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ನಾನು ಹೀಗಳೆಯಲಾರೆ.

ಆದರೂ ನನಗೆ ನಮ್ಮ ಸಣ್ಣತ್ತಿಯ ವಾಟ್ನಿ ನೆನಪಾಗುತ್ತದೆ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಾವನವರ ಕಡೆಯ ತಮ್ಮ ತೀರಿಕೊಂಡಿದ್ದರು. ಸಣ್ಣತ್ತಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಣ್ಣ-ತಮ್ಮಂದಿರ ಹೊಲ ಹಂಚಬೇಕು ಅಂತ ಪಡಸಾಲಿಯಲ್ಲಿ ಜಮಖಾನ ಹಾಸಿ ಊರ ಹಿರಿಯರನ್ನು ಕರೆದರು. ಹನ್ನೊಂದು ಮಂದಿ ಗಂಡಸರು. ಸಣ್ಣತ್ತಿ ಅಡುಗಿಮನೆಯಲ್ಲಿ ಹನ್ನೊಂದು ಮಂದಿಗೆ ಚಹಾ ಸೋಸುತ್ತಿದ್ದಳು, ನಾನು ಕಪ್ಪು-ಬಸಿ ಒರೆಸುತ್ತಿದ್ದೆ. ಒಳಗಿಂದ ಎಲ್ಲ ಕೇಳುತ್ತಿತ್ತು. ಹಿರಿಯರು ಕೆಟ್ಟವರೇನಲ್ಲ. ಗಂಡಸಿಲ್ಲದ ಮನಿ ಅಂತ ಕನಿಕರದಿಂದಲೇ ಒಳ್ಳೆಯ ಎರಿ ನಾಕು ಎಕರೆ ಅವಳ ಪಾಲಿಗೆ ತೆಗೆದಿಟ್ಟರು. ಬಾಂಡ್ ಪೇಪರ್ ಬರೆದಾಯಿತು. ಸಹಿಗೆ ಅವಳನ್ನು ಕರೆದರು.

ಸಣ್ಣತ್ತಿ ಚಹಾದ ತಾಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡು, “ಸಹಿ ಮಾಡೂದಿಲ್ರಿ ಕಾಕಾ,” ಅಂದಳು.

“ಯಾಕವಾ? ಚಲೋ ಹೊಲಾನ ಬಂದೈತಲ್ಲ ನಿನಗ.”

“ಹೊಲ ಚಲೋ ಐತ್ರಿ. ಹೋಗಾಕ ದಾರಿ ಯಾವ್ದು? ಆ ಕಡೆ ಅವರ ಹೊಲ, ಈ ಕಡೆ ಇವರ ಹೊಲ. ನಾ ಏನ್ ಗಾಳ್ಯಾಗ ಹಾರಿ ಹೋಗ್ಲ್ಯಾ?”

ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಯಾಕಂದರೆ ಆ ಹೊಲಕ್ಕೆ ಬುತ್ತಿ ಹೊತ್ತುಕೊಂಡು ದಿನಾ ಹೋಗುತ್ತಿದ್ದವಳು ಅವಳು. ಹಿರಿಯರೊಬ್ಬರು, “ಅದನ್ನ ಆಮ್ಯಾಲ ನೋಡೂಣು, ಮೊದಲ ಇದು ಮುಗೀಲಿ,” ಅಂದರು. ಸಣ್ಣತ್ತಿ, “ಆಮ್ಯಾಲ ನೀವು ಇರ್ತೀರೇನ್ರಿ?” ಅಂದಳು.

ಆ ದಿನ ಪಂಚಾಯ್ತಿ ಮುರಿಯಿತು. ಎರಡು ತಿಂಗಳು ಅಣ್ಣ-ತಮ್ಮಂದಿರ ಮನೆಗಳ ನಡುವೆ ಮಾತಿಲ್ಲ, ಬೆಂಕಿ-ನೀರಿನ ಕೊಡುಕೊಳ್ಳೂದಿಲ್ಲ. ಬೋರ್‌ವೆಲ್ಲಿನ ನೀರಿನ ಸರದಿ ಅವಳಿಗೆ ಬರಲಿಲ್ಲ, ಆ ಸಲದ ಉಳ್ಳಾಗಡ್ಡಿ ಒಣಗಿತು. ಕಡೆಗೆ ಎರಡನೇ ಸಲ ಕೂತಾಗ ಅವಳನ್ನೂ ಜಮಖಾನದ ಅಂಚಿಗೆ ಕೂಡಿಸಿಕೊಂಡರು. ಒಂದು ಚಕ್ಕಡಿ ಹೋಗುವಷ್ಟು ದಾರಿಯನ್ನು ಹಗ್ಗ ಹಿಡಿದು ಅಳೆದು ಕಲ್ಲು ನೆಟ್ಟರು. ಆ ದಾರಿಗೆ ಬದಲಾಗಿ ಅವಳು ಒಂದು ಎಕರೆ ಬಿಟ್ಟುಕೊಡಬೇಕಾಯಿತು. ನಾಕಕ್ಕೆ ಮೂರು. ಬಿಟ್ಟಳು. ಅದು ಅವಳೇ ಬಾಯಿಬಿಟ್ಟು ಬಿಟ್ಟದ್ದು. ಇವತ್ತಿಗೂ ಆ ಕಲ್ಲು ಅಲ್ಲಿವೆ, ಮೊಮ್ಮಕ್ಕಳು ಟ್ರ್ಯಾಕ್ಟರ್ ಒಯ್ಯುತ್ತಾರೆ.

ಹೊರಗಿನ ಲೋಕದ ಇತಿಹಾಸ ಓದುವಾಗ ಈ ದಾರಿ ಇಲ್ಲದ ಹೊಲ ನನಗೆ ಅಲ್ಲಲ್ಲಿ ಸಿಗುತ್ತದೆ. 1938ರ ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸ್ ಕೂತು ಚೆಕೊಸ್ಲೊವಾಕಿಯಾದ ಸುಡೇಟನ್ ಸೀಮೆಯನ್ನು ಹಿಟ್ಲರನಿಗೆ ಕೊಟ್ಟರು. ಚೆಕ್ ಪ್ರತಿನಿಧಿಗಳು ಅದೇ ಊರಿನ ಹೋಟೆಲಿನಲ್ಲಿ ಕಾಯುತ್ತಿದ್ದರು. ನಡುರಾತ್ರಿಯ ಮೇಲೆ ಅವರನ್ನು ಕರೆದು ನಕಾಶೆ ಕೈಗೆ ಕೊಟ್ಟರು. ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್‌ಗೆ ಅದು ಗಡಿಯ ಒಂದು ಪಟ್ಟಿ ಅನಿಸಿತ್ತು. ಚೆಕ್ಕರಿಗೆ ಗೊತ್ತಿತ್ತು, ದೇಶವನ್ನು ಕಾಯುವ ಗುಡ್ಡಗಳು, ಕಟ್ಟಿದ ಕೋಟೆ-ಕೊತ್ತಲ ಎಲ್ಲ ಆ ಪಟ್ಟಿಯಲ್ಲೇ ಇದ್ದವು. ಬೇಲಿ ಕೊಟ್ಟು ಹೊಲ ಇಟ್ಟುಕೋ ಅಂದಂತೆ. ಆರು ತಿಂಗಳಾಗುವುದರೊಳಗೆ, 1939ರ ಮಾರ್ಚಿನಲ್ಲಿ, ಹಿಟ್ಲರ್ ಪ್ರಾಗ್‌ಗೇ ಬಂದ.

ಹತ್ತಿರದ ಉದಾಹರಣೆ ಬೇಕಾದರೆ ಅಫ್ಘಾನಿಸ್ತಾನ. 2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದರು. ಕಾಬೂಲ್ ಸರಕಾರ ಅಲ್ಲಿ ಇರಲಿಲ್ಲ. ಆದರೆ ಆ ಸರಕಾರದ ಸೆರೆಯಲ್ಲಿದ್ದ 5,000ದವರೆಗಿನ ತಾಲಿಬಾನ್ ಕೈದಿಗಳ ಬಿಡುಗಡೆ ಅದರಲ್ಲಿ ಬರೆದಿತ್ತು! ಕೀಲಿ ಒಬ್ಬನ ಕೈಯಲ್ಲಿ, ಬಾಗಿಲು ತೆಗೀತೀನಿ ಅಂತ ಮಾತು ಕೊಟ್ಟವ ಇನ್ನೊಬ್ಬ. ಮರುವರ್ಷದ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಯಲ್ಲಿತ್ತು. ಶಾಲೆಗೆ ಹೋಗುತ್ತಿದ್ದ ಆ ದೇಶದ ದೊಡ್ಡ ಹುಡುಗಿಯರು ಅಂದಿನಿಂದ ಮನೆಯಲ್ಲಿದ್ದಾರೆ. ದೋಹಾದಲ್ಲಿ ಅವರ ದಾರಿ ಯಾವುದು ಅಂತ ಯಾರೂ ಹಗ್ಗ ಹಿಡಿದು ಅಳೆಯಲಿಲ್ಲ.

ಉಕ್ರೇನ್ ಒಮ್ಮೆ ಮೇಜಿನ ಮುಂದೆ ಕೂತೂ ನೋಡಿದೆ ಅನ್ನಿ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ನಿನ್ನ ಗಡಿಯನ್ನು ಗೌರವಿಸುತ್ತೇವೆ ಅಂತ ಅಮೆರಿಕ, ಬ್ರಿಟನ್, ರಷ್ಯಾ ಮೂರೂ ಸಹಿ ಹಾಕಿದವು. ಇಪ್ಪತ್ತು ವರ್ಷಕ್ಕೆ, 2014ರಲ್ಲಿ, ಕ್ರಿಮಿಯಾ ಹೋಯಿತು. ಹಾಗಾಗಿ ಕೂಡಿಸಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಕೂಡಿಸಿಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಲೆಕ್ಕ ಸಾಕಷ್ಟಿದೆ.

ಗಜೇಂದ್ರಗಡದ ಆ ಒಪ್ಪಂದ ಎಷ್ಟು ದಿನ ಬಾಳಿತು ಅಂತೀರಿ? ಮೂರು ವರ್ಷ. 1790ರಲ್ಲಿ ಅದೇ ಮರಾಠರು, ಅದೇ ನಿಜಾಮ, ಈ ಸಲ ಇಂಗ್ಲಿಷರನ್ನೂ ಸೇರಿಸಿಕೊಂಡು ಟಿಪ್ಪುವಿನ ಮೇಲೆ ಬಂದರು. ದಂಡು ಮತ್ತೆ ನಮ್ಮ ಹೊಲಗಳ ಮೇಲೆ. ಧಾರವಾಡದ ಕೋಟೆಯ ಮುತ್ತಿಗೆ ಒಂದೇ ಆರು ತಿಂಗಳಿಗೂ ಮೇಲೆ ನಡೆದು 1791ರ ಏಪ್ರಿಲಿನಲ್ಲಿ ಮುಗಿಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರೂ ನಿಜಾಮನೂ ಮೈಸೂರನ್ನು ಹಂಚಿಕೊಳ್ಳುವ ಒಪ್ಪಂದ ಬರೆದರು. ಆ ಕಾಗದದಲ್ಲೇ ಮೈಸೂರಿಗೆ ಯಾರು ಅರಸು ಅಂತಲೂ ಬರೆದರು. ಅರಸನಿಗೆ ಆಗ ಐದು ವರ್ಷ. ಕೂಸು ಸಹಿ ಹಾಕುವುದಾದರೂ ಹೇಗೆ? 1818ರಲ್ಲಿ ಪೇಶ್ವೆಯೂ ಹೋದ, ನಮ್ಮ ಸೀಮೆ ಕಂಪನಿ ಸರಕಾರದ ಕೈಗೆ ಬಂತು.

ನರಗುಂದದ ಭಾವೆ ಮನೆತನ ಇಷ್ಟೆಲ್ಲ ದಾಟಿ 1858ರವರೆಗೆ ಉಳಿಯಿತು. ಕೊನೆಯ ಒಡೆಯ ಭಾಸ್ಕರರಾವ್, ನಾವು ಬಾಬಾಸಾಹೇಬ ಅನ್ನುತ್ತೇವೆ. ಅವನಿಗೆ ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪಲಿಲ್ಲ. ಆಯುಧ ಒಪ್ಪಿಸಿ ಅಂತ ಹುಕುಮು ಬೇರೆ. ಮೇ ಕೊನೆಗೆ ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ಕೊಲೆಯಾಯಿತು, ಜೂನ್ ಮೊದಲಿಗೆ ನರಗುಂದ ಬಿತ್ತು, 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ತವರಲ್ಲಿ ಆ ಕತೆ ಕೇಳುತ್ತಲೇ ನಾವು ಬೆಳೆದೆವು. ಅದೇ ನರಗುಂದದ ರೈತರು 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದರು, ಗುಂಡಿಗೆ ಬಿದ್ದರು. 2015ರಿಂದ ಮಹಾದಾಯಿ ನೀರಿಗಾಗಿ ಕೂತರು. ಮೂರು ರಾಜ್ಯಗಳು, ಒಂದು ನ್ಯಾಯಮಂಡಳಿ, ದಿಲ್ಲಿಯಲ್ಲಿ ಕಾಗದ. ನೀರು ಕಾಯುವವರು ಮಾತ್ರ ಇಲ್ಲಿ ಪೆಂಡಾಲಿನ ಕೆಳಗೆ. ಯುದ್ಧಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಅನ್ನುವವರು ಅನ್ನಲಿ. ತಮ್ಮನ್ನು ಕೇಳದೆ ಆದ ನಿರ್ಧಾರ ಅಂದರೆ ನರಗುಂದದವರಿಗೆ ಮೂಗಿನ ತುದಿಗೆ ಸಿಟ್ಟು ಯಾಕೆ ಬರುತ್ತದೆ ಅಂತ ಹೊರಗಿನವರು ಕೇಳಿದಾಗ ನಾನು ಇಷ್ಟೂ ಹೇಳಬೇಕಾಗುತ್ತದೆ.

ಉಕ್ರೇನಿನ ಮುಂದಿನ ಕರಾರು ಬಂದಾಗ ನಾನು ಮೊದಲು ಹುಡುಕುವುದು ನಕಾಶೆಯನ್ನಲ್ಲ. ಸೆರೆಯಾಳುಗಳ ಸಾಲು ಎಲ್ಲಿದೆ ಅಂತ ನೋಡುತ್ತೇನೆ. ಗಡಿಯಾಚೆ ಒಯ್ದ ಮಕ್ಕಳ ಸಾಲು ಎಲ್ಲಿದೆ ಅಂತ ನೋಡುತ್ತೇನೆ. ಅದೇ ಮಕ್ಕಳ ವಿಷಯಕ್ಕೆ 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮೇಲೆ ವಾರಂಟು ಹೊರಡಿಸಿತು. ಗಜೇಂದ್ರಗಡದ ಕಾಗದದಲ್ಲಿ ಕನಿಷ್ಠ ಕಾಳೋಪಂತನ ಹೆಸರಾದರೂ ಇತ್ತು. ಅವನ ಜೊತೆ ನರಗುಂದದ ಗುಡ್ಡದಿಂದ ಇಳಿದುಹೋದ ಆಳು-ಕಾಳು, ದಾಸಿ-ತೊತ್ತು, ಸಿಪಾಯಿಗಳ ಹೆಸರು ಯಾವ ಕಾಗದದಲ್ಲಿಯೂ ಇಲ್ಲ.

ಓದುಗರಲ್ಲಿ ಒಂದು ಕೇಳಿಕೆ. ಮೇಲೆ ಹಗೇವಿನ ಮಾತು ಬಂತಲ್ಲ, ನಿಮ್ಮ ಊರಲ್ಲಿ, ನಿಮ್ಮ ಹಳೆಯ ಮನೆಯ ಅಂಗಳದಲ್ಲಿ ಹಗೇವು ಇದ್ದದ್ದನ್ನು ಕಂಡವರು, ಅದರೊಳಗೆ ಇಳಿದು ಜೋಳ ತೆಗೆದವರು ಇನ್ನೂ ಇದ್ದರೆ ಬರೆಯಿರಿ. ಎಷ್ಟು ಚೀಲ ಹಿಡಿಯುತ್ತಿತ್ತು, ಬಾಯಿ ತೆಗೆದ ಮೇಲೆ ಒಳಗಿನ ಝಳ ಹೋಗಲು ಎಷ್ಟು ಹೊತ್ತು ಬಿಡುತ್ತಿದ್ದರು, ಮೊದಲು ಇಳಿಯುವವರು ಯಾರು. ನಮ್ಮ ಅತ್ತಿ ಹೇಳುವ ಲೆಕ್ಕಕ್ಕೂ ತವರಲ್ಲಿ ಕೇಳಿದ್ದಕ್ಕೂ ಹೊಂದುತ್ತಿಲ್ಲ, ಮುಂದಿನ ಸಲ ಅದನ್ನೇ ಬರೆಯಬೇಕೆಂದಿದ್ದೇನೆ.